ಹೆಸರಾದ ಬೆಟ್ಟ ಬೇಡ, ಆವತಿ ಗುಡ್ಡ ಸಾಕು

ಪ್ರಶ್ನೆ: ಮಗನಿಗೆ ನಾಲ್ಕು ತುಂಬಿದೆ. ಮನೆಯಲ್ಲಿ ಎರಡು ನಾಯಿಗಳು. ಒಂದು ಪಗ್, ಇನ್ನೊಂದು ಮರಿಯಿದ್ದಾಗ ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ್ದು. ಒಂದು ಭಾನುವಾರ ಎಲ್ಲರೂ ಸೇರಿ ಸಣ್ಣದೊಂದು ಚಾರಣ ಮಾಡಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರಬೇಕೆಂದು ನಾನೂ ನನ್ನ ಹೆಂಡತಿಯೂ ಅಂದುಕೊಂಡಿದ್ದೇವೆ. ನಂದಿ ಬೆಟ್ಟವೋ ಸ್ಕಂದಗಿರಿಯೋ ಆದೀತೆ? ನಾಯಿಗಳನ್ನು ಕರೆದೊಯ್ಯಬಹುದೆ?
— ಓದುಗರೊಬ್ಬರು, ಲಿಂಗರಾಜಪುರ

ಉತ್ತರ: ನಂದಿಯೂ ಬೇಡ, ಸ್ಕಂದಗಿರಿಯೂ ಬೇಡ. ಅದೇ ಹೆದ್ದಾರಿಯಲ್ಲಿ, ನಂದಿಯ ತಿರುವು ಬರುವುದಕ್ಕೂ ಮೊದಲೇ, ಕಾರಿನಲ್ಲಿ ಹೋಗುವವರು ತಲೆಯೆತ್ತಿ ನೋಡದೆ ದಾಟಿಬಿಡುವ ಆವತಿ ಗುಡ್ಡವಿದೆ. ನಿಮಗೆ ಅದು ಸಾಕು. ನಾಯಿಯನ್ನು ಕರೆದೊಯ್ಯಬಹುದು, ಆದರೆ ಒಂದನ್ನು ಮಾತ್ರ. ಪಗ್ ಮನೆಯಲ್ಲಿರಲಿ.

ಮೊದಲು ನೀವು ಕೇಳಿದ ಬೆಟ್ಟಗಳ ಮಾತು ಮುಗಿಸೋಣ. ಬೆಂಗಳೂರಿನ ಸುತ್ತ ಹೆಸರು ಮಾಡಿದ ಬೆಟ್ಟಗಳೆಲ್ಲ ಈಗ ಒಂದೋ ಜನಜಂಗುಳಿಯ ಪಾಲಾಗಿವೆ, ಇಲ್ಲವೇ ಕಾಡಿಗೆ ಸೇರಿವೆ. ಎರಡೂ ಕಡೆ ನಾಯಿಗೆ ಜಾಗವಿಲ್ಲ. 1478 ಮೀಟರ್ ಎತ್ತರದ ನಂದಿಯಲ್ಲಿ ಭಾನುವಾರ ಬೆಳಗಿನ ಜಾವ ವಾಹನಗಳ ಸಾಲು. ಮೇಲೆ ಹೋದರೆ ಕೈಯಲ್ಲಿರುವ ಜೋಳದ ತೆನೆ ಕಿತ್ತುಕೊಳ್ಳುವ ಕೋತಿಗಳು. ಕೋತಿ ಹಿಂಡಿನ ಮುಂದೆ ನಾಯಿ ನಿಂತರೆ ಜಗಳ ಖಂಡಿತ. ಆ ಜಗಳದ ನಡುವೆ, ಕೈಯಲ್ಲಿ ಬಿಸ್ಕತ್ತು ಹಿಡಿದ, ಕೋತಿಯಷ್ಟೇ ಎತ್ತರದ ನಿಮ್ಮ ಮಗ ನಿಂತಿರುತ್ತಾನೆ. ಸ್ಕಂದಗಿರಿ ಅರಣ್ಯ ಇಲಾಖೆಯದು. ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಿ ಹತ್ತಬೇಕಾದ ಬೆಟ್ಟ. ಹೊತ್ತಿಗೆ ಮುಂಚೆ ಎದ್ದು, ಬೆವರು ಸುರಿಸಿ ಏರುವ ಹರೆಯದವರಿಗೆ ಅದು ಚೆಂದ. ನಾಲ್ಕರ ಹುಡುಗನನ್ನು ಅಲ್ಲಿಗೆ ಒಯ್ದರೆ ಅರ್ಧ ದಾರಿಯಿಂದ ಮುಂದಕ್ಕೆ ಅವನು ನಿಮ್ಮ ಹೆಗಲ ಮೇಲಿರುತ್ತಾನೆ.

ಇಲಾಖೆಯ ಚಾರಣದ ಹಾದಿಗಳಿಗೆ ನಾಯಿ ಒಯ್ಯುವ ಯೋಚನೆಯನ್ನೇ ಕೈಬಿಡಿ. ನಾಯಿ ಬೊಗಳುತ್ತದೆ, ಮೊಲ ಅಟ್ಟುತ್ತದೆ ಎಂಬುದಷ್ಟೇ ಕಾರಣವಲ್ಲ. ನಾಯಿಗೆ ಬರುವ ಕಾಯಿಲೆ ಕಾಡಿನ ಪ್ರಾಣಿಗೂ ಅಂಟುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸಾಲಾಗಿ ಸತ್ತ ಸಿಂಹಗಳಲ್ಲಿ ಕೆಲವುಗಳ ಮೈಯಲ್ಲಿ ಸಿಕ್ಕಿದ್ದು ಡಿಸ್ಟೆಂಪರ್ ವೈರಾಣು. ನಾವು ಮರಿಗಳಿಗೆ ಲಸಿಕೆ ಹಾಕಿಸುವುದು ಅದೇ ರೋಗಕ್ಕೆ. ಇನ್ನು ಕಾಡಿನಿಂದ ನಾಯಿಗೆ ಆಗುವುದನ್ನೂ ನೋಡಿ. ಚಿರತೆಗೆ ನಾಯಿಯೆಂದರೆ ಸುಲಭದ ಬೇಟೆ. ಚಿರತೆ ದೂರದ ಮಲೆನಾಡಿನದು ಎಂದುಕೊಳ್ಳಬೇಡಿ. 2016ರ ಫೆಬ್ರವರಿಯಲ್ಲಿ ನಿಮ್ಮ ಪೂರ್ವ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಚಿರತೆಯೊಂದು ಶಾಲೆಯೊಳಗೆ ನುಗ್ಗಿತ್ತು. ಅದನ್ನು ಹಿಡಿಯುವಾಗ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಗಾಯಗೊಂಡರು. ಬೆಂಗಳೂರಿನ ಸುತ್ತಲಿನ ಕಲ್ಲುಗುಡ್ಡ, ಕುರುಚಲು ಕಾಡುಗಳಲ್ಲಿ ಚಿರತೆಗಳಿವೆ. ಮುಸ್ಸಂಜೆಯಲ್ಲಿ ಪೊದೆ ಪಕ್ಕ ನಾಯಿ ಹಿಡಿದು ನಿಲ್ಲುವುದು ಯಾವ ಗುಡ್ಡದಲ್ಲೂ ಬೇಡ.

ಮನುಷ್ಯ, ನಾಯಿ, ಕಾಡು ಎಂದಾಕ್ಷಣ ನಮ್ಮಲ್ಲಿ ಅನೇಕರಿಗೆ ತೇಜಸ್ವಿಯವರ ‘ಕರ್ವಾಲೊ’ದ ಕಿವಿ ನೆನಪಾಗುತ್ತದೆ. ಕಿವಿ ಮೂಡಿಗೆರೆ ಕಡೆಯ ತೋಟದ ನಾಯಿ, ಕಾಡು ಅದಕ್ಕೆ ಹಿತ್ತಿಲು. ನಿಮ್ಮದು ಲಿಂಗರಾಜಪುರದ ಮೂರನೇ ಮಹಡಿಯಲ್ಲೋ ಕಾಂಪೌಂಡಿನೊಳಗೋ ಬೆಳೆದ ಜೀವ, ಗುಡ್ಡದ ವಾಸನೆಗೇ ಅದಕ್ಕೆ ತಲೆ ತಿರುಗುತ್ತದೆ. ಚೈನು ಕೈಬಿಡುವ ಮಾತೇ ಇಲ್ಲ.

ಆವತಿಗೆ ಬರೋಣ. ಲಿಂಗರಾಜಪುರದಿಂದ ಸುಮಾರು 40 ಕಿ.ಮೀ. ಹೆಣ್ಣೂರು ರಸ್ತೆ ಹಿಡಿದು ಬಾಗಲೂರಿನ ಮೇಲೆ ಹೋದರೂ ಸರಿ, ಹೆಬ್ಬಾಳಕ್ಕೆ ಹೋಗಿ ಹೆದ್ದಾರಿ ಸೇರಿದರೂ ಸರಿ. ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೊರಟರೆ, ಸ್ವಲ್ಪ ದೂರದಲ್ಲೇ ಊರು, ಊರಿನ ಮಗ್ಗುಲಲ್ಲೇ ಗುಡ್ಡ. ತುದಿಯಲ್ಲಿ ತಿಮ್ಮರಾಯಸ್ವಾಮಿಯ ಗುಡಿ. ಭಕ್ತರು ನಡೆದು ನಡೆದು ಸವೆದ ಹಾದಿಯಾದ್ದರಿಂದ ದಾರಿ ತಪ್ಪುವ ಭಯವಿಲ್ಲ. ದೊಡ್ಡವರಿಗೆ ಹತ್ತಲು ಅರ್ಧ ಗಂಟೆಯೂ ಬೇಡ. ಮೇಲೆ ನಿಂತರೆ ನಂದಿಯ ಸಾಲು ಒಂದು ಕಡೆ, ಹೊಲ ತೋಟ ಕೆರೆಗಳ ಬಯಲು ಇನ್ನೊಂದು ಕಡೆ; ವಿಮಾನಗಳು ಏರಿ ಇಳಿಯುವುದೂ ಕಾಣುತ್ತದೆ. ನಾಲ್ಕು ವರ್ಷದವನಿಗೆ ವಿಮಾನವೇ ಹೆಚ್ಚು ಮುಖ್ಯ, ಬೇಸರ ಮಾಡಿಕೊಳ್ಳಬೇಡಿ.

ಹತ್ತುವಾಗ ಅವನಿಗೆ ಹೇಳಲು ಕಥೆಯೂ ಇದೆ. ಕಂಚಿಯ ಕಡೆಯಿಂದ ಒಂದು ಮೊರಸು ಒಕ್ಕಲಿಗರ ಮನೆತನ, ಅಲ್ಲಿನ ಪಾಳೆಗಾರನ ಕಾಟ ತಾಳಲಾರದೆ ಬಂಡಿ ಕಟ್ಟಿಕೊಂಡು ರಾತ್ರೋರಾತ್ರಿ ಹೊರಟಿತಂತೆ. ಪಾಲಾರ್ ನದಿ ತುಂಬಿ ಹರಿಯುತ್ತಿತ್ತು, ಹಿಂದೆ ಬೆನ್ನಟ್ಟಿ ಬರುವವರು. ಮನೆಯ ಮಗಳು ದೊಡ್ಡಮ್ಮ ತನ್ನ ಕಿವಿಯ ಓಲೆ ಬಿಚ್ಚಿ ಗಂಗೆಗೆ ಅರ್ಪಿಸಿದಳು, ನೀರು ದಾರಿ ಕೊಟ್ಟಿತು ಎನ್ನುತ್ತದೆ ಐತಿಹ್ಯ. ಹಾಗೆ ಬಂದು ನೆಲೆಸಿದವರೇ ರಣಭೈರೇಗೌಡ ಮತ್ತು ಆವತಿಯ ನಾಡಪ್ರಭುಗಳು. ಆ ಮನೆತನದ ಮಲ್ಲಬೈರೇಗೌಡ 1501ರಲ್ಲಿ ದೇವನಹಳ್ಳಿಯ ಕೋಟೆ ಕಟ್ಟಿಸಿದ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನವೂ ಇದೇ ಮೂಲದ್ದೆಂದು ಹೇಳುತ್ತಾರೆ. ಬೆಂಗಳೂರಿನ ಕಥೆ ಒಂದರ್ಥದಲ್ಲಿ ಈ ಗುಡ್ಡದ ಬುಡದಲ್ಲೇ ಶುರುವಾಯಿತು. ಆದರೂ ಜನ ಇಲ್ಲಿ ನಿಲ್ಲದೆ ಮುಂದಕ್ಕೆ ಓಡುತ್ತಾರೆ. ನಿಮಗೆ ಅದೇ ಲಾಭ.

ಗುಡಿಯಿರುವ ಗುಡ್ಡವಾದ್ದರಿಂದ ಒಂದು ಎಚ್ಚರ ಬೇಕು. ನಾಯಿಯನ್ನು ಪ್ರಾಕಾರದ ಹತ್ತಿರ ಒಯ್ಯಬೇಡಿ. ಗುಡಿಗಿಂತ ಸಾಕಷ್ಟು ಕೆಳಗೆ ನೆರಳಿರುವ ಒಂದು ಬಂಡೆ ನೋಡಿಕೊಂಡು ಒಬ್ಬರು ನಾಯಿಯ ಜೊತೆ ಕೂರಲಿ, ಇನ್ನೊಬ್ಬರು ಮಗನನ್ನು ಮೇಲೆ ಕರೆದೊಯ್ದು ಬರಲಿ, ಆಮೇಲೆ ಅದಲುಬದಲು. ಹಬ್ಬ, ವಿಶೇಷ ಪೂಜೆ, ಶ್ರಾವಣದ ಶನಿವಾರಗಳಲ್ಲಿ ನಾಯಿ ಬೇಡವೇ ಬೇಡ. ಬುಡದಲ್ಲಿ ಹೂವೋ ಕಾಯಿಯೋ ಮಾರುವವರು ಸಿಕ್ಕರೆ, ಇಲ್ಲವೇ ದನ ಮೇಯಿಸುವ ಹಿರಿಯರು ಸಿಕ್ಕರೆ, ‘ಯಜಮಾನ್ರೇ, ನಾಯಿ ಹಿಡ್ಕೊಂಡು ಅರ್ಧದವರೆಗೆ ಹೋಗ್ಬಹುದಾ?’ ಎಂದು ಕೇಳಿಯೇ ಹತ್ತಿ. ಬೇಡವೆಂದರೆ ವಾದ ಮಾಡಬೇಡಿ. ಕೇಳಿ ಹೋದವನಿಗೆ ಹಳ್ಳಿ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಹೇಲನ್ನು ಕವರಿನಲ್ಲಿ ಕಟ್ಟಿ ವಾಪಸು ತರುವುದು ನಿಮ್ಮ ಕೆಲಸ. 2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನು ತರುವುದನ್ನೇ ಜುಲೈ 1ರಿಂದ ನಿಲ್ಲಿಸಲು ತೋಟಗಾರಿಕೆ ಇಲಾಖೆ ಹೊರಟಿತ್ತು. ದೂರುಗಳು ಎರಡೇ: ಚೈನಿಲ್ಲದೆ ಬಿಟ್ಟ ನಾಯಿಗಳು, ಎತ್ತದೆ ಬಿಟ್ಟ ಹೇಲು. ನಾಯಿ ಸಾಕಿದವರು ಎದ್ದು ನಿಂತಿದ್ದರಿಂದ ಅದಕ್ಕೆ ತಡೆ ಬಿತ್ತು. ಹಳ್ಳಿಯ ಗುಡ್ಡದಲ್ಲಿ ಅಂಥ ಎರಡನೇ ಅವಕಾಶ ಇರುವುದಿಲ್ಲ.

ಈಗ ಎರಡು ನಾಯಿ ಯಾಕೆ ಬೇಡ ಎಂಬುದು. ಇದು ಪ್ರೀತಿಯ ಪ್ರಶ್ನೆಯಲ್ಲ, ಕೈಗಳ ಲೆಕ್ಕ. ನೀವಿಬ್ಬರು, ಒಟ್ಟು ನಾಲ್ಕು ಕೈ. ಬಂಡೆಯ ಇಳಿಜಾರಿನಲ್ಲಿ ಒಂದು ಕೈ ಮಗನಿಗೆ ಮೀಸಲು. ಅವನನ್ನು ಹಿಡಿದವರ ಇನ್ನೊಂದು ಕೈ ಖಾಲಿಯಿರಬೇಕು, ಎಡವಿದರೆ ಊರಿಕೊಳ್ಳಲು. ಉಳಿದವರು ಒಂದು ನಾಯಿಯನ್ನು ನೆಟ್ಟಗೆ ಹಿಡಿಯಬಲ್ಲರು, ಎರಡನ್ನಲ್ಲ. ಇಳಿಯುವಾಗ ನಾಯಿ ಮುಂದಕ್ಕೆ ಎಳೆಯುತ್ತದೆ. ಹತ್ತುವಾಗ ಯಾರೂ ಬೀಳುವುದಿಲ್ಲ, ಬೀಳುವುದೆಲ್ಲ ಇಳಿಯುವಾಗಲೇ. ತಂಗಿಯೋ ಭಾವನೋ ಜೊತೆಗೆ ಬಂದರೆ ಲೆಕ್ಕ ಬೇರೆಯಾಗುತ್ತದೆ. ಎಷ್ಟೇ ಹಟ ಮಾಡಿದರೂ ಚೈನನ್ನು ಮಗನ ಕೈಗೆ ಕೊಡಬೇಡಿ, ಮಣಿಕಟ್ಟಿಗೆ ಸುತ್ತುವುದಂತೂ ಬೇಡ. ಸಮಾಧಾನಕ್ಕೆ ಅದೇ ಚೈನಿಗೆ ಎರಡನೆಯ ಹಗ್ಗವೊಂದನ್ನು ಸಡಿಲವಾಗಿ ಕಟ್ಟಿ ಅವನಿಗೆ ಹಿಡಿಸಿ, ನಿಜವಾದ ಹಿಡಿತ ನಿಮ್ಮ ಕೈಯಲ್ಲಿರಲಿ. ಕೊರಳಿಗೆ ಹಾಕುವ ಬೆಲ್ಟಿಗಿಂತ ಎದೆಗೆ ಹಾಕುವ ಬೆಲ್ಟು ಗುಡ್ಡಕ್ಕೆ ಒಳ್ಳೆಯದು. ಜಾರಿದರೂ ಕುತ್ತಿಗೆಗೆ ಉರುಳಾಗುವುದಿಲ್ಲ.

ಪಗ್ ಮನೆಯಲ್ಲಿರಲಿ ಎಂದದ್ದಕ್ಕೆ ನಿಮಗೆ ಸಿಟ್ಟು ಬಂದಿರಬಹುದು. 2003ರ ಸುಮಾರಿನ ಆ ಹಚ್ ಜಾಹೀರಾತು ನೆನಪಿದೆಯಲ್ಲ, ಹುಡುಗ ಹೋದಲ್ಲೆಲ್ಲ ಹಿಂದೆಯೇ ಓಡುವ ಪಗ್? ಅದನ್ನು ನೋಡಿ ಊರೆಲ್ಲ ಪಗ್ ತಂದಿತು. ಆದರೆ ಆ ಚಪ್ಪಟೆ ಮೂತಿಯ ಜೀವಕ್ಕೆ ದೇವರು ಕೊಟ್ಟದ್ದಕ್ಕಿಂತ ತಳಿಗಾರರು ಕಿತ್ತುಕೊಂಡದ್ದೇ ಹೆಚ್ಚು. ನಾಯಿಗಳು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ನಾಲಿಗೆ ಗಂಟಲುಗಳ ತೇವ ಆರಿಸಿಕೊಂಡೇ ಮೈ ತಣಿಸಿಕೊಳ್ಳಬೇಕು. ಪಗ್‌ನ ಮೂಗು ಗಂಟಲುಗಳಲ್ಲಿ ಗಾಳಿಯಾಡುವ ದಾರಿಯೇ ಇಕ್ಕಟ್ಟು. ನಾಯಿಯ ಮೈಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 41 ದಾಟಿದರೆ ಪ್ರಾಣಕ್ಕೆ ಸಂಚಕಾರ. ಆರೋಗ್ಯವಾಗಿರುವ ಬೀದಿ ತಳಿ ಬೆಳಗಿನ ಬಿಸಿಲಿನಲ್ಲಿ ಆರಾಮಾಗಿ ಏರುವ ಗುಡ್ಡದಲ್ಲೇ ಪಗ್ ಕುಸಿಯಬಹುದು. ಕಾರಿನಲ್ಲಿ ಕೂರಿಸಿ ಹೋಗೋಣವೆಂಬುದು ಅದಕ್ಕಿಂತ ಕೆಟ್ಟ ಯೋಚನೆ. ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಶಾಖ ಹೊರಗಿಗಿಂತ ಸುಮಾರು 22 ಡಿಗ್ರಿ ಹೆಚ್ಚಬಲ್ಲದು, ಅದರಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಒಂದಿಷ್ಟು ಇಳಿಸಿಟ್ಟರೂ ದೊಡ್ಡ ವ್ಯತ್ಯಾಸವಾಗದು.

ಬಿಸಿಯ ಮಾತು ಇನ್ನೂ ಮುಗಿದಿಲ್ಲ. ನಮ್ಮ ಕಡೆಯ ಗುಡ್ಡಗಳೆಲ್ಲ ಬೋಳು ಕಲ್ಲು. ಹಗಲೆಲ್ಲ ಕಾದ ಹಾಸುಬಂಡೆ ಸಂಜೆಯ ತಂಗಾಳಿ ಬೀಸತೊಡಗಿದ ಮೇಲೂ ರೊಟ್ಟಿ ಹೆಂಚಿನ ಹಾಗೆ ಶಾಖ ಬಿಡುತ್ತಲೇ ಇರುತ್ತದೆ. ಶೂ ಹಾಕಿದ ನಮಗೆ ಅದು ತಿಳಿಯುವುದೇ ಇಲ್ಲ, ಬರಿಗಾಲ ನಾಯಿಗೆ ತಿಳಿಯುತ್ತದೆ. ಅದಕ್ಕೇ ಸಂಜೆಯ ಚಾರಣಕ್ಕಿಂತ ಬೆಳಗಿನದು ಮೇಲು. ಮುಂಗೈಯನ್ನು, ಅಂದರೆ ಅಂಗೈಯ ಹಿಂಬದಿಯನ್ನು, ಬಂಡೆಯ ಮೇಲಿಟ್ಟು ಏಳರವರೆಗೆ ಎಣಿಸಿ. ಎಣಿಸುವಷ್ಟರಲ್ಲಿ ಕೈ ಎತ್ತಬೇಕೆನಿಸಿದರೆ ನಾಯಿಯನ್ನು ಅದರ ಮೇಲೆ ನಡೆಸಬಾರದು. ಈ ಪರೀಕ್ಷೆಯನ್ನು ಮಗನಿಂದಲೇ ಮಾಡಿಸಿ, ಅವನಿಗೆ ಎಣಿಕೆಯೂ ಆಗುತ್ತದೆ. ನವೆಂಬರಿನಿಂದ ಫೆಬ್ರವರಿಯ ಮಧ್ಯದವರೆಗೆ ಒಳ್ಳೆಯ ಕಾಲ. ಏಪ್ರಿಲಿನಲ್ಲಿ ಬೇಡ, 2016ರ ಏಪ್ರಿಲಿನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಲಿಂಗರಾಜಪುರ ಬಿಡುವುದು ಆರಕ್ಕೆ, ಹತ್ತಲು ತೊಡಗುವುದು ಏಳರ ಹೊತ್ತಿಗೆ, ಒಂಬತ್ತಕ್ಕೆ ಬುಡದಲ್ಲಿರುವುದು.

ಇಷ್ಟು ಪುಟ್ಟ ಗುಡ್ಡಕ್ಕೆ ಎರಡು ಗಂಟೆ ಯಾಕೆ ಎನ್ನಬಹುದು. 1892ರಲ್ಲಿ ಸ್ಕಾಟ್ಲೆಂಡಿನ ಚಾರಣಿಗ ವಿಲಿಯಂ ನೇಸ್ಮಿತ್ ಒಂದು ಲೆಕ್ಕ ಹಾಕಿಕೊಟ್ಟ: ಸುಮಾರು 5 ಕಿ.ಮೀ. ದಾರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬೆಟ್ಟ ಹತ್ತುವವರು ಇಂದಿಗೂ ಅದನ್ನೇ ಬಳಸುತ್ತಾರೆ. ಹೋಗಿಬರಲು 2 ಕಿ.ಮೀ., ಏರು 60 ಮೀಟರ್ ಎಂದುಕೊಂಡರೆ ದೊಡ್ಡವರಿಗೆ ಅರ್ಧ ಗಂಟೆಯ ಕೆಲಸ. ನಾಲ್ಕು ವರ್ಷದವನಿದ್ದರೆ ಅದನ್ನು ಮೂರರಿಂದ ಗುಣಿಸಿ, ಕಾಡುಕಲ್ಲು, ಇರುವೆ ಸಾಲು, ಉಚ್ಚೆ ಇತ್ಯಾದಿಗಳಿಗೆ ಅರ್ಧ ಗಂಟೆ ಕೂಡಿಸಿ. ನೇಸ್ಮಿತ್ ಮಕ್ಕಳೊಂದಿಗೆ ಗುಡ್ಡ ಹತ್ತಿದ್ದರೆ ಅವನ ಸೂತ್ರವೇ ಬೇರೆಯಿರುತ್ತಿತ್ತು. ತುದಿ ಮುಟ್ಟಲೇಬೇಕೆಂಬ ಹಟ ಬಿಡಿ. ಎಂಟೂಕಾಲಾದಾಗ ಎಲ್ಲಿದ್ದೀರೋ ಅಲ್ಲಿಂದ ಇಳಿಯುವುದೆಂದು ಮನೆಯಲ್ಲೇ ಮಾತಾಡಿಕೊಳ್ಳಿ. ಮಗ ಕಾಲುಭಾಗ ಹತ್ತಿ ಒಂದು ಗುಂಡುಕಲ್ಲಿನ ಸುತ್ತ ಮುಕ್ಕಾಲು ಗಂಟೆ ಆಡಿದರೆ ಅದೇ ಅವನ ಚಾರಣ.

ಬುತ್ತಿಯ ವಿಷಯದಲ್ಲಿ ಯಾರೂ ಹೇಳದ ಒಂದು ಅಪಾಯವಿದೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಸೀಮೆ ದ್ರಾಕ್ಷಿಯ ಸೀಮೆ. ಸುಗ್ಗಿಯಲ್ಲಿ ರಸ್ತೆಯ ಪಕ್ಕ ಬುಟ್ಟಿಗಟ್ಟಲೆ ಬೆಂಗಳೂರು ನೀಲಿ ದ್ರಾಕ್ಷಿ ಇಟ್ಟುಕೊಂಡು ಕೂತಿರುತ್ತಾರೆ. ನೀವು ಕೊಳ್ಳುತ್ತೀರಿ, ಮಗ ತಿನ್ನುತ್ತಾನೆ, ಅರ್ಧ ನಾಯಿಯ ಬಾಯಿಗೆ ಹಾಕುತ್ತಾನೆ. ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಕ್ಕೆ ವಿಷ. ಕೆಲವು ನಾಯಿಗಳಿಗೆ ಬೆರಳೆಣಿಕೆಯಷ್ಟು ಹಣ್ಣೇ ಸಾಕು. ಯಾಕೆಂಬುದು ಬಹುಕಾಲ ತಿಳಿದಿರಲಿಲ್ಲ. ಹುಣಸೆಹಣ್ಣು ತಿಂದ ನಾಯಿಗಳಿಗೂ ಅದೇ ರೀತಿ ಮೂತ್ರಪಿಂಡ ಕೆಟ್ಟದ್ದನ್ನು ಕಂಡ ಅಮೆರಿಕದ ಪಶುವೈದ್ಯರು, ಎರಡರಲ್ಲೂ ಇರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂಬ ಊಹೆಯನ್ನು 2021ರಲ್ಲಿ ಮುಂದಿಟ್ಟರು. ಹಾಗಾಗಿ ನಿಮ್ಮ ಪುಳಿಯೋಗರೆಯನ್ನೂ ಸೇರಿಸಿಕೊಳ್ಳಿ. ಚಿತ್ರಾನ್ನಕ್ಕೆ ಈರುಳ್ಳಿ ಹಾಕಿದ್ದರೆ ಅದೂ ನಾಯಿಗೆ ಆಗದು. ಮಗನಿಗೆ ಇಡ್ಲಿ, ಬಾಳೆಹಣ್ಣು ಕಟ್ಟಿಕೊಳ್ಳಿ. ಬಿದ್ದದ್ದನ್ನು ನಾಯಿ ತಿಂದರೂ ಚಿಂತೆಯಿಲ್ಲ.

ಹುಣಸೆ ಎಂದಾಗ ನೆನಪಾಯಿತು. ಅದೇ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ 54 ಎಕರೆಯ ಹಳೆಯ ಹುಣಸೆ ತೋಪಿದೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು, ದೇಶದಲ್ಲೇ ಮೊದಲನೆಯದು. ಅಲ್ಲಿನ ಮರಗಳಲ್ಲಿ ಒಂದು ನಾನೂರು ವರ್ಷ ದಾಟಿದೆ. ಏರಿಳಿತವಿಲ್ಲದ ನೆಲ, ನೆರಳು, ಸೊಟ್ಟಂಬಟ್ಟ ಬೊಡ್ಡೆಗಳು, ಒಳಗೆ ಪಾಳುಬಿದ್ದ ಗುಡಿ. ಮಗನೊಬ್ಬನನ್ನೇ ಕರೆದುಕೊಂಡು ಹೋಗುವ ಭಾನುವಾರಕ್ಕೆ ಅದು ಆವತಿಗಿಂತ ಒಳ್ಳೆಯದು. ನಾಯಿಗೆ ಮಾತ್ರ ಬೇಡ. ಫೆಬ್ರವರಿ, ಮಾರ್ಚಿನಲ್ಲಿ ನೆಲದ ತುಂಬ ಹಣ್ಣು ಉದುರಿರುತ್ತದೆ. ಹೆಸರಘಟ್ಟದ ಹುಲ್ಲುಗಾವಲಿಗೂ ನಾಯಿ ಬೇಡ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ತಾಣವದು.

ನೀರು ಧಾರಾಳವಾಗಿರಲಿ, ನಾಯಿಗೆಂದೇ ಬೇರೆ ಒಂದು ಲೀಟರ್, ಒಂದು ತಟ್ಟೆ. ಬಂಡೆಯ ಮೇಲಿನ ದೊಣೆಗಳಲ್ಲಿ ನಿಂತ ನೀರು ಕುಡಿಯಲು ಬಿಡಬೇಡಿ, ಇಲಿಜ್ವರ ಬರುವುದು ಅಂಥ ನೀರಿನಿಂದಲೇ. ಮಗನನ್ನೂ ದೊಣೆಯ ಅಂಚಿನಿಂದ ದೂರವಿಡಿ. ನೋಡಲು ಪುಟ್ಟದು, ಆಳ ತಿಳಿಯದು. ಕಡಿದಾದ ಬಂಡೆಗೆ ಹೆಜ್ಜೇನು ಕಟ್ಟಿರುವುದು ಕಂಡರೆ ಅದರ ಕೆಳಗಿನ ದಾರಿ ಬಿಟ್ಟು ಸುತ್ತಿ ಹೋಗಿ, ನಾಯಿ ಬೊಗಳುವುದಾದರೆ ಹಿಂದಿರುಗಿ. ಕಲ್ಲು ಸಂದಿಗೆ ಮೂತಿ ತೂರಿಸಲು ಬಿಡಬೇಡಿ. ಕೊಳಕುಮಂಡಲ, ನಾಗರಹಾವು ಎರಡೂ ಈ ಸೀಮೆಯಲ್ಲಿವೆ. ಊರ ನಾಯಿಗಳು ಗುಂಪಾಗಿ ಬಂದರೆ ಓಡಬೇಡಿ, ಮಗನನ್ನು ಎತ್ತಿಕೊಂಡು ನಿಧಾನಕ್ಕೆ ಹಿಂದೆ ಸರಿಯಿರಿ. ಯಾರನ್ನಾದರೂ ಕಚ್ಚಿದರೆ, ಪರಚಿದರೂ ಸರಿಯೇ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ ಮೆಣಸಿನಪುಡಿಗಳ ವೈದ್ಯ ಬೇಡ. ಹೊರಡುವ ಮೊದಲೇ ನಿಮ್ಮ ನಾಯಿಯ ರೇಬಿಸ್ ಲಸಿಕೆಯ ಅವಧಿ ಮುಗಿದಿಲ್ಲವೆಂದು ನೋಡಿಕೊಂಡಿರಿ.

ಇಷ್ಟೆಲ್ಲಕ್ಕೆ ಮುಂಚೆ ಮನೆಯ ಹತ್ತಿರವೇ ಒಂದೆರಡು ಭಾನುವಾರ ನಡೆದು ನೋಡುವುದು ಲೇಸು. ಲಿಂಗರಾಜಪುರದ ಫ್ಲೈಓವರ್ ಕಡೆಯ ಗದ್ದಲಕ್ಕೆ ಹೋಗದೆ ಹಚಿನ್ಸ್ ರಸ್ತೆಯ ಮೇಲೆ ಕುಕ್ ಟೌನಿನ ಮರಗಳ ಬೀದಿಗಳಿಗೆ ಇಳಿದು ಫ್ರೇಜರ್ ಟೌನಿನವರೆಗೆ ಹೋಗಿಬನ್ನಿ. 1898ರ ಪ್ಲೇಗಿನ ನಂತರ, ದಂಡುಪ್ರದೇಶದ ಇಕ್ಕಟ್ಟು ಕಳೆಯಲೆಂದು ಅಗಲ ಬೀದಿಗಳಿಟ್ಟು ಕಟ್ಟಿದ ಬಡಾವಣೆಯದು, ಬೆಳಗಿನ ಆರೂವರೆಗೆ ಇಂದಿಗೂ ನಡೆಯುವವರಿಗೆ ಸೇರಿದ್ದು. ಮಗ ಎಷ್ಟು ದೂರಕ್ಕೆ ‘ಎತ್ಕೋ’ ಎನ್ನುತ್ತಾನೆ, ನಾಯಿ ಬೇರೆ ನಾಯಿ ಕಂಡಾಗ ಏನು ಮಾಡುತ್ತದೆ, ಅಷ್ಟು ತಿಳಿದರೆ ಆವತಿಗೆ ಹೊರಡಬಹುದೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

ಗುಡ್ಡದಿಂದ ಬಂದವರೇ ನಾಯಿಯನ್ನು ಒಳಗೆ ಬಿಡುವ ಮೊದಲು ಉಣ್ಣೆ ಹುಡುಕಿ. ಕಿವಿಯ ಒಳಬದಿ, ಕಾಲ್ಬೆರಳ ಸಂದಿ, ಬಾಲದ ಬುಡ, ಬೆಲ್ಟಿನ ಅಡಿ ಅವುಗಳ ಜಾಗ. ಸಿಕ್ಕಿದ್ದನ್ನು ಚಿಮಟದಲ್ಲಿ ಚರ್ಮಕ್ಕೆ ತಾಗುವಷ್ಟು ಬುಡದಲ್ಲಿ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಲ್ಲಿ ಹೊಸಕಬೇಡಿ. ಮಗನ ತಲೆಗೂದಲು, ಕಿವಿಯ ಹಿಂಭಾಗ, ಸೊಂಟದ ಪಟ್ಟಿಯ ಜಾಗವನ್ನೂ ನೋಡಿ. ಮುಂದಿನ ಎರಡು ಮೂರು ವಾರದೊಳಗೆ ನಾಯಿ ಊಟ ಬಿಟ್ಟು ಮಂಕಾಗಿ ಮಲಗಿದರೆ, ಮೈ ಬಿಸಿಯೆನಿಸಿದರೆ, ಪಶುವೈದ್ಯರ ಬಳಿ ಹೋದಾಗ ಗುಡ್ಡಕ್ಕೆ ಹೋಗಿದ್ದಿರೆಂಬುದನ್ನು ಮೊದಲು ಹೇಳಿ. ಉಣ್ಣೆಜ್ವರವನ್ನು ರಕ್ತ ಪರೀಕ್ಷೆಯಲ್ಲಿ ಬೇಗ ಹಿಡಿದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ.